ಕಾಣೆಯಾದವರ ಹುಡುಕಾಟಕ್ಕೆ ತರ್ಕದ ನೆರವು: ಪದೇ ಪದೇ ಕೇಳುವ ಪ್ರಶ್ನೆಗಳು

ಉತ್ತರ ಕನ್ನಡ ಜಿಲ್ಲೆಯ ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಿ, ಶಿರಸಿ, ಸಿದ್ದಾಪುರ, ಯಲ್ಲಾಪುರದ ಘಟ್ಟದ ಮೇಲಿನ ಊರುಗಳಲ್ಲಿ ಯಾರಾದರೂ ಕಾಣೆಯಾದಾಗ ಹುಡುಕಾಟಕ್ಕೆ ಇಳಿಯುವ ಸ್ವಯಂಸೇವಕರು, ಕಾಲೇಜು ವಿದ್ಯಾರ್ಥಿಗಳು ಮತ್ತು ಮನೆಯವರಿಗಾಗಿ ಈ ಪುಟ. ಗಣಿತ ಓದಿರಬೇಕಾದ ಅಗತ್ಯವಿಲ್ಲ.

ನಮ್ಮ ಮನೆಯವರು ಈಗಷ್ಟೇ ಕಾಣೆಯಾಗಿದ್ದಾರೆ. ಮೊದಲು ಇದನ್ನೆಲ್ಲ ಓದಬೇಕೇ?

ಬೇಡ. 112ಕ್ಕೆ ಕರೆ ಮಾಡಿ, ಹತ್ತಿರದ ಠಾಣೆಗೆ ಹೋಗಿ. ಕಾಣೆಯಾದದ್ದು ಮಗುವಾದರೆ 1098 ಸಹಾಯವಾಣಿಯೂ ಇದೆ. ‘24 ಗಂಟೆ ಕಾದು ನೋಡಿ’ ಎಂಬ ಮಾತು ಎಲ್ಲಿಂದ ಹುಟ್ಟಿತೋ, ಕಾನೂನಿನಲ್ಲಂತೂ ಅಂಥ ನಿಯಮವಿಲ್ಲ. ಶಿರಸಿಯವರು ಗೋಕರ್ಣದಲ್ಲಿ ಕಾಣೆಯಾದರೆ ಯಾವ ಠಾಣೆಯ ಸರಹದ್ದು ಎಂದು ಚರ್ಚಿಸುತ್ತ ಕೂರುವುದೂ ಬೇಡ. ಅಪರಾಧದ ಶಂಕೆಯಿದ್ದರೆ, ಅದು ಎಲ್ಲಿ ನಡೆದಿದ್ದರೂ ಮಾಹಿತಿಯನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು ಎಂದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಂ ಹೇಳುತ್ತದೆ. ದೂರು ಕೊಟ್ಟು, ನೆಂಟರಿಷ್ಟರಿಗೆಲ್ಲ ಫೋನು ಮುಗಿಸಿ, ಇನ್ನೇನು ಮಾಡುವುದು ಎಂದು ಕುಳಿತಾಗ ಮುಂದಿನದನ್ನು ಓದಿ.

ತರ್ಕದ ಮಾದರಿ ಎಂದರೇನು? ಅದು ಕಾಣೆಯಾದವರನ್ನು ಹುಡುಕಿಕೊಡುತ್ತದೆಯೇ?

ಹುಡುಕಿಕೊಡುವುದಿಲ್ಲ. ಹುಡುಕುವುದು ಮನುಷ್ಯರೇ: ಬೀಟ್ ಪೊಲೀಸರು, ಮೀನುಗಾರರು, ಬಸ್ಸಿನ ಕಂಡಕ್ಟರುಗಳು, ಅರಣ್ಯ ಇಲಾಖೆಯ ವಾಚರುಗಳು. ಔಪಚಾರಿಕ ತರ್ಕದ ಕೆಲಸ ಲೆಕ್ಕ ಇಡುವುದು. ಯಾರು ಏನು ಹೇಳಿದರು, ಆ ಹೇಳಿಕೆಗೆ ಯಾವ ನಿಯಮವನ್ನು ಹಚ್ಚಿ ನಾವು ಯಾವ ತೀರ್ಮಾನಕ್ಕೆ ಬಂದೆವು ಎಂಬ ಮೂರನ್ನೂ ಬೇರೆ ಬೇರೆ ಬರೆದು, ಪ್ರತಿ ತೀರ್ಮಾನದ ಪಕ್ಕದಲ್ಲಿ ಅದು ಯಾವ ಹೇಳಿಕೆಯ ಮೇಲೆ ನಿಂತಿದೆ ಎಂದು ಗುರುತು ಹಾಕುವುದು. ಅಡಕೆ ಒಣಗಿಸುವ ಅಟ್ಟದ ಯಾವ ಕಂಬ ಕಿತ್ತರೆ ಯಾವ ಭಾಗ ಕುಸಿಯುತ್ತದೆ ಎಂದು ಮೊದಲೇ ತಿಳಿದಿಟ್ಟುಕೊಂಡ ಹಾಗೆ. ನಾಳೆ ಒಂದು ಹೇಳಿಕೆ ಸುಳ್ಳಾದರೆ ಅದನ್ನು ನಂಬಿ ಕೈಬಿಟ್ಟಿದ್ದ ಜಾಗಗಳು ಯಾವುವು ಎಂದು ಆಗ ತಡಕಾಡಬೇಕಾಗುವುದಿಲ್ಲ. ಕಂಪ್ಯೂಟರ್ ವಿಜ್ಞಾನದಲ್ಲಿ ಈ ಬಗೆಯ ಲೆಕ್ಕಕ್ಕೆ 1979ರಲ್ಲಿ ಜಾನ್ ಡಾಯ್ಲ್ ಒಂದು ವ್ಯವಸ್ಥಿತ ರೂಪ ಕೊಟ್ಟರು. ನಮಗೆ ಅದರ ಹುರುಳು ಸಾಕು.

ಉದಾಹರಣೆ ಕೊಟ್ಟು ಹೇಳಬಹುದೇ?

ಇದು ಕಲ್ಪಿತ ಪ್ರಕರಣ. ಶಿರಸಿ ಸಮೀಪದ ಹಳ್ಳಿಯ 74 ವರ್ಷದ ಅಜ್ಜ. ಈಚೆಗೆ ಮರೆವು ಹೆಚ್ಚಿದೆ. ಬೆಳಿಗ್ಗೆ ಪೇಟೆಗೆ ಹೋದವರು ಮನೆಗೆ ಮರಳಲಿಲ್ಲ. ಪರಿಚಯದವರೊಬ್ಬರು, ‘ಹತ್ತು ಗಂಟೆಗೆ ಶಿರಸಿಯ ಬಸ್ ನಿಲ್ದಾಣದ ಹತ್ತಿರ ಮಾತನಾಡಿಸಿದ್ದೇನೆ’ ಎನ್ನುತ್ತಾರೆ. ಮರುದಿನ ಗೋಕರ್ಣದ ರಥಬೀದಿಯ ಹೂವಿನ ಅಂಗಡಿಯವರು ಫೋಟೋ ನೋಡಿ, ‘ಇವರು ನಿನ್ನೆ ಹನ್ನೊಂದಕ್ಕೆ ನಮ್ಮಲ್ಲಿ ಹೂವು ಕೊಂಡರು’ ಎನ್ನುತ್ತಾರೆ. ನಡುವೆ ದೇವಿಮನೆ ಘಟ್ಟ ಇಳಿಯುವ 80 ಕಿಲೋಮೀಟರ್ ಆಸುಪಾಸಿನ ದಾರಿ. ಒಂದು ಗಂಟೆಯಲ್ಲಿ ಆಗದ ಮಾತು.

ಸಾಮಾನ್ಯವಾಗಿ ಇಂಥ ಹೊತ್ತಿನಲ್ಲಿ ಏನಾಗುತ್ತದೆ? ಮನೆಯವರಿಗೆ ಪರಿಚಯದವರ ಮೇಲೆ ನಂಬಿಕೆ ಹೆಚ್ಚು, ಆದ್ದರಿಂದ ಗೋಕರ್ಣದ ಸುದ್ದಿ ಬಿದ್ದುಹೋಗುತ್ತದೆ. ಅಥವಾ ಗೋಕರ್ಣದ ಸುದ್ದಿ ಹೊಸದು ಎಂಬ ಕಾರಣಕ್ಕೇ ಎಲ್ಲರೂ ಘಟ್ಟ ಇಳಿಯುತ್ತಾರೆ. ಎರಡೂ ತರ್ಕವಲ್ಲ. ತರ್ಕ ಹೇಳುವುದು ಇಷ್ಟೇ: ‘ಹತ್ತಕ್ಕೆ ಶಿರಸಿಯಲ್ಲಿದ್ದರು’, ‘ಹನ್ನೊಂದಕ್ಕೆ ಗೋಕರ್ಣದಲ್ಲಿದ್ದರು’, ‘ದಾರಿಗೆ ಒಂದೂವರೆ ಗಂಟೆಯಾದರೂ ಬೇಕು’ ಎಂಬ ಮೂರೂ ಒಟ್ಟಿಗೆ ನಿಜವಾಗಿರಲಾರವು. ಮೂರನೆಯದು ಗಟ್ಟಿ. ಶಿರಸಿಗೆ ರೈಲಿಲ್ಲ, ಘಟ್ಟಕ್ಕೆ ಅಡ್ಡದಾರಿಯಿಲ್ಲ. ಹಾಗಾದರೆ ಮೊದಲ ಎರಡರಲ್ಲಿ ಒಂದು ತಪ್ಪು. ಆದರೆ ಅದರಲ್ಲಿ ಯಾವ ಅಂಶ ತಪ್ಪು? ಪ್ರತಿ ಹೇಳಿಕೆಯಲ್ಲೂ ಮೂರು ಸಂಗತಿ ಅಂಟಿಕೊಂಡಿವೆ: ವ್ಯಕ್ತಿ, ಜಾಗ, ಹೊತ್ತು. ಇವುಗಳನ್ನು ಬಿಡಿಸದೆ ಇಡೀ ಹೇಳಿಕೆಯನ್ನೇ ಒಪ್ಪುವುದು ಅಥವಾ ಎಸೆಯುವುದು ಈ ಕೆಲಸದಲ್ಲಿ ನಾನು ಕಂಡ ಅತಿ ದೊಡ್ಡ ಪೋಲು.

ಬಿಡಿಸಿ ಕೇಳಿದರೆ ಹೀಗೆ ತಿಳಿಯುತ್ತದೆ. ಹೂವಿನ ಅಂಗಡಿಯವರ ಹೊತ್ತಿಗೆ ಆಧಾರವಿದೆ: ಅಜ್ಜನ ನಂತರ ಬಂದ ಗಿರಾಕಿ ಯುಪಿಐ ಮೂಲಕ ಹಣ ಕೊಟ್ಟ ಸಂದೇಶ 11:04ರದ್ದು. ಪರಿಚಯದವರ ‘ಹತ್ತು ಗಂಟೆ’ಗೆ ಆಧಾರ ರೂಢಿ ಮಾತ್ರ; ಅವರು ದಿನವೂ ಹತ್ತಕ್ಕೆ ಪೇಟೆಗೆ ಬರುತ್ತಾರೆ, ಆ ದಿನ ಮಗನನ್ನು ಬಸ್ಸು ಹತ್ತಿಸಲು ಬೇಗ ಬಂದಿದ್ದರು. ಆಗ ಬಿದ್ದದ್ದು ‘ಹತ್ತು’ ಮಾತ್ರ. ‘ಬಸ್ ನಿಲ್ದಾಣದ ಹತ್ತಿರ ಕಂಡರು’ ಎಂಬುದು ಇನ್ನೂ ನಿಂತಿದೆ. ಈಗ ಲೆಕ್ಕದ ಪುಸ್ತಕ ತೆರೆದು, ‘ಹತ್ತು’ ಎಂಬುದನ್ನು ನಂಬಿ ಏನೇನು ಮಾಡಿದ್ದೆವು ಎಂದು ನೋಡಬೇಕು. ನಿಲ್ದಾಣದ ಸಿಸಿಟಿವಿಯನ್ನು 9:45ರಿಂದ ಮುಂದಕ್ಕೆ ಮಾತ್ರ ನೋಡಿದ್ದೆವು. ಅದಕ್ಕೂ ಮೊದಲು ಹೊರಟ ಕುಮಟಾ ಬಸ್ಸಿನ ಕಂಡಕ್ಟರನ್ನು ಕೇಳಿಯೇ ಇರಲಿಲ್ಲ. ಆ ಎರಡನ್ನು ತಕ್ಷಣ ಮತ್ತೆ ತೆರೆಯಬೇಕು.

ಗೋಕರ್ಣದ 11 ಗಂಟೆಯನ್ನು ಒಪ್ಪಿದರೆ ಅಲ್ಲಿಂದ ಮುಂದೆ ಅವರು ಎಷ್ಟು ಹೊತ್ತಿಗೆ ಎಲ್ಲಿಯವರೆಗೆ ತಲುಪಬಲ್ಲರು ಎಂಬುದನ್ನು ನಕ್ಷೆಯ ಮೇಲೆ ಹರಡಿ ನೋಡಬಹುದು. ಸ್ವೀಡನ್ನಿನ ಭೂಗೋಳ ತಜ್ಞ ಟೋರ್ಸ್ಟೆನ್ ಹೇಗರ್‌ಸ್ಟ್ರಾಂಡ್ 1970ರಲ್ಲಿ ಮಂಡಿಸಿದ ಕಾಲ-ಸ್ಥಳದ ಲೆಕ್ಕದ ತಿರುಳು ಇದೇ. ನಡೆದರೆ ಕುಡ್ಲೆ ಅಥವಾ ಓಂ ಬೀಚ್. ರಿಕ್ಷಾ ಹಿಡಿದರೆ ಗೋಕರ್ಣ ರೋಡ್ ರೈಲು ನಿಲ್ದಾಣ. ರೈಲು ಹತ್ತಿದ್ದರೆ ಸಂಜೆಯ ಹೊತ್ತಿಗೆ ಮಡಗಾಂವ್ ಅಥವಾ ಮಂಗಳೂರು. ಹೀಗೆ ತಲುಪಬಲ್ಲ ಜಾಗದ ವೃತ್ತ ಎಲ್ಲ ದಿಕ್ಕಿಗೂ ಸಮನಾಗಿ ಬೆಳೆಯುವುದಿಲ್ಲ. ನಮ್ಮಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಘಟ್ಟ. ಅದು ಹೆದ್ದಾರಿ ಮತ್ತು ಹಳಿಯ ಉದ್ದಕ್ಕೆ ಉತ್ತರ ದಕ್ಷಿಣವಾಗಿ ಚಾಚುತ್ತದೆ.

ಸಾಕ್ಷಿಗಳು ಗಡಿಯಾರ ನೋಡಿ ಹೇಳುವುದಿಲ್ಲವಲ್ಲ?

ಹೇಳುವುದೂ ಬೇಡ. ‘ಮಹಾಮಂಗಳಾರತಿ ಮುಗಿದ ಮೇಲೆ’, ‘ಶಾಲೆಯ ವ್ಯಾನು ಬರುವ ಮೊದಲು’, ‘ಮಳೆ ಹೊಯ್ಯುತ್ತಿದ್ದಾಗ’ ಎಂಬ ಮಾತುಗಳು ‘ಸುಮಾರು ಹತ್ತೂವರೆ’ಗಿಂತ ಎಷ್ಟೋ ಮೇಲು. ಕಂಪ್ಯೂಟರ್ ವಿಜ್ಞಾನಿ ಜೇಮ್ಸ್ ಆ್ಯಲೆನ್ 1983ರಲ್ಲಿ ತೋರಿಸಿದಂತೆ ಎರಡು ಕಾಲಾವಧಿಗಳ ನಡುವೆ ಇರಬಹುದಾದ ಸಂಬಂಧಗಳು 13 ಮಾತ್ರ: ಮೊದಲು, ನಂತರ, ಒಳಗೆ, ಒಂದರ ಮೇಲೊಂದು ಹಾಯ್ದು, ಹೀಗೆ. ಅಷ್ಟರಿಂದಲೇ ಗಡಿಯಾರವಿಲ್ಲದೆ ಘಟನೆಗಳ ಸರಣಿ ಕಟ್ಟಬಹುದು. ಸಾಕ್ಷಿಯ ಬಾಯಿಂದ ಒತ್ತಾಯದಿಂದ ಗಂಟೆ-ನಿಮಿಷ ಹೊರಡಿಸಬೇಡಿ. ಕೇಳಿದ್ದಕ್ಕೆ ಏನೋ ಒಂದು ಅಂಕಿ ಕೊಡುತ್ತಾರೆ, ಆಮೇಲೆ ಅದೇ ದಾಖಲೆಯಾಗುತ್ತದೆ.

‘ಅಲ್ಲಿ ಹುಡುಕಿದೆವು, ಸಿಗಲಿಲ್ಲ’ ಎಂದಾದರೆ ಆ ಜಾಗವನ್ನು ಬಿಟ್ಟುಬಿಡಬಹುದೇ?

ಇಡೀ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

‘ಕಾಣಲಿಲ್ಲ’ ಎಂಬುದರಿಂದ ‘ಇಲ್ಲ’ ಎಂಬಲ್ಲಿಗೆ ಹಾರುವುದಕ್ಕೆ ಒಂದು ಷರತ್ತಿದೆ. ನಮ್ಮ ಭಾಟ್ಟ ಮೀಮಾಂಸಕರು, ಅದ್ವೈತ ವೇದಾಂತಿಗಳು ಅನುಪಲಬ್ಧಿಯನ್ನು (ಕಾಣದಿರುವುದನ್ನು) ಪ್ರಮಾಣವೆಂದು, ಅಂದರೆ ತಿಳಿವಿನ ಸಾಧನವೆಂದು, ಒಪ್ಪುವಾಗಲೇ ಆ ಷರತ್ತನ್ನು ಹಾಕಿದ್ದರು. ಇದ್ದಿದ್ದರೆ ಕಾಣಲೇಬೇಕಾಗಿದ್ದ ವಸ್ತು ಕಾಣದಿದ್ದರೆ ಮಾತ್ರ ಅದು ಇಲ್ಲವೆಂಬ ಜ್ಞಾನ. ಅದಕ್ಕೇ ಅವರು ಯೋಗ್ಯಾನುಪಲಬ್ಧಿ ಎಂದರು. ಬೆಳಕಿರುವ ಕೋಣೆಯಲ್ಲಿ ಕೊಡ ಕಾಣದಿದ್ದರೆ ಕೊಡವಿಲ್ಲ. ಕತ್ತಲ ಕೋಣೆಯಲ್ಲಿ ಕಾಣದಿದ್ದರೆ ಏನೂ ಹೇಳಲಾಗದು.

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಜಿಲ್ಲೆಯೇ ಈ ವ್ಯತ್ಯಾಸವನ್ನು ಕಣ್ಣಾರೆ ಕಂಡಿತು. ಹೆದ್ದಾರಿಯ ಮೇಲಿನ ಮಣ್ಣನ್ನು ತೆಗೆದ ಮೇಲೆ, ಕುಸಿತದಲ್ಲಿ ಕಾಣೆಯಾಗಿದ್ದ ಲಾರಿ ಅಲ್ಲಿ ಕಾಣಲಿಲ್ಲ. ಅದು ಗಟ್ಟಿಯಾದ ‘ಇಲ್ಲ’. ಅಷ್ಟು ದೊಡ್ಡ ವಾಹನ ಅಲ್ಲಿದ್ದಿದ್ದರೆ ಕಾಣಲೇಬೇಕಿತ್ತು. ಪಕ್ಕದ ಗಂಗಾವಳಿ ನದಿಯಲ್ಲಿ ಮಳೆಗಾಲದಲ್ಲಿ ಮುಳುಗುಗಾರರಿಗೆ ಸಿಗದೆ ಇದ್ದದ್ದು ಬೇರೆಯೇ ಸಂಗತಿ. ಆ ಸೆಳೆತದಲ್ಲಿ, ಆ ಕೆಸರು ನೀರಿನಲ್ಲಿ, ಇದ್ದರೂ ಕಾಣುವ ಸಾಧ್ಯತೆ ಕಡಿಮೆ. ಸೆಪ್ಟೆಂಬರ್ 25ರಂದು ಲಾರಿ ಸಿಕ್ಕಿದ್ದು ಆ ನದಿಯಲ್ಲೇ.

ಆದ್ದರಿಂದ ಪ್ರತಿ ‘ಸಿಗಲಿಲ್ಲ’ದ ಮುಂದೆ ಹೇಗೆ ಹುಡುಕಿದೆವು ಎಂಬುದನ್ನೂ ಬರೆಯಿರಿ. ಹಗಲೋ ರಾತ್ರಿಯೋ, ಎಷ್ಟು ಜನ, ಎಷ್ಟು ಅಂತರದಲ್ಲಿ ನಡೆದರು, ಹೆಸರು ಕೂಗಿದರೇ, ಕಾಣೆಯಾದವರಿಗೆ ಕಿವಿ ಕೇಳುತ್ತದೆಯೇ. ಯಾಣದ ಕಾಡಿನಲ್ಲಿ ದಾರಿಯ ಮೇಲಷ್ಟೇ ನಡೆದು ಬಂದು ‘ಯಾಣ ಮುಗಿಯಿತು’ ಎಂದು ಗೀಟು ಹಾಕಿದರೆ, ಮುಂದೆ ಯಾರೂ ಅಲ್ಲಿಗೆ ಹೋಗುವುದಿಲ್ಲ. ತಪ್ಪು ‘ಇಲ್ಲ’ ಒಂದು ತಪ್ಪು ‘ಇದೆ’ಗಿಂತ ಹೆಚ್ಚು ಅಪಾಯಕಾರಿ. ಸುಳ್ಳು ಸುಳಿವನ್ನು ಹಿಂಬಾಲಿಸಿದರೆ ಒಂದು ದಿನ ಹೋಗುತ್ತದೆ, ಸುಳ್ಳು ಗೀಟು ಕೊನೆಯವರೆಗೂ ಉಳಿಯುತ್ತದೆ.

ಕಂಪ್ಯೂಟರಿನ ದತ್ತಾಂಶ ಕೋಶಗಳಿಗೂ ಇದೇ ಚಾಳಿಯಿದೆ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಅಂಥವರು ಇಲ್ಲ ಎಂದು ಭಾವಿಸುವುದನ್ನು ಕಂಪ್ಯೂಟರ್ ವಿಜ್ಞಾನಿ ರೇಮಂಡ್ ರೈಟರ್ 1978ರಲ್ಲಿ ‘ಮುಚ್ಚಿದ ಜಗತ್ತಿನ ಊಹೆ’ ಎಂದು ಕರೆದರು. ರೈಲಿನ ಮುಂಗಡ ಟಿಕೆಟ್ ಪಟ್ಟಿಗೆ ಈ ಊಹೆ ಸಲ್ಲುತ್ತದೆ, ಜನರಲ್ ಬೋಗಿಯ ಪ್ರಯಾಣಿಕರಿಗೆ ಸಲ್ಲದು. ಯಾವ ಪಟ್ಟಿ ಮುಚ್ಚಿದ್ದು, ಯಾವುದು ತೆರೆದದ್ದು ಎಂದು ಮೊದಲೇ ಗುರುತು ಮಾಡಿಕೊಳ್ಳಬೇಕು.

ಊರಿನ ವಾಡಿಕೆಗಳನ್ನು ನಿಯಮವಾಗಿ ಬಳಸಬಹುದೇ?

ಬಳಸಲೇಬೇಕು, ಆದರೆ ‘ಸಾಮಾನ್ಯವಾಗಿ’ ಎಂಬ ಮಾತನ್ನು ಸೇರಿಸಿ. ಯಕ್ಷಗಾನಕ್ಕೆ ಹೋದವರು ಸಾಮಾನ್ಯವಾಗಿ ಬೆಳಗಾಗುವ ಮೊದಲು ಮನೆಗೆ ಬರುವುದಿಲ್ಲ. ಆದ್ದರಿಂದ ರಾತ್ರಿ ಎರಡಕ್ಕೆ ಬಾರದಿದ್ದರೆ ಗಾಬರಿಯಿಲ್ಲ. ಆದರೆ ಆ ದಿನ ಮಳೆ ಬಂದು ಆಟ ನಿಂತಿತ್ತು ಎಂದು ತಿಳಿದ ಕ್ಷಣ ಆ ನೆಮ್ಮದಿ ಬಿದ್ದುಹೋಗಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಮೀನುಗಾರಿಕೆಗೆ ಹೋಗುವಂತಿಲ್ಲ. ಆದ್ದರಿಂದ ಜೂನ್‌ನಲ್ಲಿ ಕಾಣೆಯಾದವರು ಕಾರವಾರದ ಬೈತಖೋಲ ಬಂದರಿನಿಂದ ಬೋಟು ಹತ್ತಿರಲಿಕ್ಕಿಲ್ಲ. ನಾಡದೋಣಿಗಳಿಗೆ ಆ ನಿಷೇಧವಿಲ್ಲ ಎಂಬುದು ಅಪವಾದ. ಹೊಸ ಸಂಗತಿ ಬಂದಾಗ ಹಳೆಯ ತೀರ್ಮಾನ ಹಿಂದೆ ಸರಿಯುವ ಈ ಬಗೆಯ ತರ್ಕಕ್ಕೆ ರೈಟರ್ ಅವರೇ 1980ರಲ್ಲಿ ಗಣಿತದ ರೂಪ ಕೊಟ್ಟರು.

ಕಾನೂನೂ ಹೀಗೆಯೇ ಯೋಚಿಸುತ್ತದೆ. ಏಳು ವರ್ಷ ಸುದ್ದಿಯಿಲ್ಲದ ವ್ಯಕ್ತಿ ಬದುಕಿದ್ದಾರೆ ಎನ್ನುವವರೇ ಅದನ್ನು ಸಾಬೀತು ಮಾಡಬೇಕು ಎನ್ನುತ್ತದೆ ಭಾರತೀಯ ಸಾಕ್ಷ್ಯ ಅಧಿನಿಯಮದ 111ನೆಯ ಕಲಂ. ಅದರಲ್ಲಿರುವ ಷರತ್ತನ್ನು ಗಮನಿಸಿ: ಬದುಕಿದ್ದರೆ ಸಹಜವಾಗಿ ಯಾರಿಗೆ ಸುದ್ದಿ ತಿಳಿಯುತ್ತಿತ್ತೋ ಅವರಿಗೆ ತಿಳಿದಿರಬಾರದು. ಮೀಮಾಂಸಕರ ಷರತ್ತು ಇಲ್ಲಿ ಇನ್ನೊಂದು ವೇಷದಲ್ಲಿ ಕುಳಿತಿದೆ. ಇದೇ ಮಾತನ್ನು ಹೇಳುತ್ತಿದ್ದ ಹಳೆಯ ಸಾಕ್ಷ್ಯ ಕಾಯ್ದೆಯ 108ನೆಯ ಕಲಮಿನಿಂದ ಸಾವಿನ ಊಹೆ ಹೊರಡುತ್ತದೆಯೇ ಹೊರತು ಸಾವಿನ ದಿನಾಂಕ ಹೊರಡುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2004ರಲ್ಲಿ ಜೀವ ವಿಮಾ ನಿಗಮ ಮತ್ತು ಅನುರಾಧಾ ನಡುವಿನ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ವಿಮೆಯ ಕಂತು ಕಟ್ಟುವುದನ್ನು ನಿಲ್ಲಿಸಿದ ಮನೆಯವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಮಕ್ಕಳ ವಿಷಯದಲ್ಲಿ ವಾಡಿಕೆಯ ಊಹೆಯನ್ನೇ ನ್ಯಾಯಾಲಯ ತಿರುಗಿಸಿತು. ‘ಎಲ್ಲೋ ಆಡಲು ಹೋಗಿರಬೇಕು’ ಎಂಬಲ್ಲಿಂದ ಆರಂಭಿಸುವಂತಿಲ್ಲ; ಕಾಣೆಯಾದ ಪ್ರತಿ ಮಗುವಿನ ದೂರನ್ನೂ ಎಫ್‌ಐಆರ್ ಮಾಡಿ, ಅಪಹರಣ ಅಥವಾ ಸಾಗಣೆಯ ಊಹೆಯಿಂದಲೇ ತನಿಖೆ ತೊಡಗಬೇಕೆಂದು 2013ರಲ್ಲಿ ಬಚ್‌ಪನ್ ಬಚಾವೋ ಆಂದೋಲನ ಎಂಬ ಮಕ್ಕಳ ಹಕ್ಕುಗಳ ಸಂಘಟನೆಯ ಅರ್ಜಿಯ ಮೇಲೆ ಆದೇಶವಾಯಿತು. ಯಾವ ಊಹೆಯಿಂದ ಹೊರಡುತ್ತೇವೆ ಎಂಬುದು ಎಷ್ಟು ಮುಖ್ಯ ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಡ.

ಯುವತಿಯರು ಕಾಣೆಯಾದರೆ ‘ಯಾರ ಜೊತೆಗೋ ಹೋಗಿದ್ದಾಳೆ’ ಎನ್ನುತ್ತಾರೆ. ಅದನ್ನೂ ಮಾದರಿಯಲ್ಲಿ ಸೇರಿಸಬೇಕೇ?

ಒಂದು ಸಾಧ್ಯತೆಯಾಗಿ, ಉಳಿದವುಗಳ ಸಾಲಿನಲ್ಲಿ, ಅದಕ್ಕೆ ತಕ್ಕ ಆಧಾರದ ಸಮೇತ. ಆಧಾರವಿಲ್ಲದಿದ್ದರೆ ಅದು ಬರಿಯ ಪೂರ್ವಗ್ರಹ. ಈ ಮಾತು ಬಾಯಿಗೆ ಬಂದ ಗಳಿಗೆಯಿಂದ ಹುಡುಕಾಟದ ಕಾವು ಇಳಿಯುತ್ತದೆ. ಮನೆಯವರೂ ಮಾನಕ್ಕೆ ಅಂಜಿ ಬಾಯಿ ಮುಚ್ಚುತ್ತಾರೆ. ಬಟ್ಟೆಬರೆ, ದಾಖಲೆಪತ್ರ, ಚಾರ್ಜರ್, ದಿನನಿತ್ಯದ ಔಷಧಿ ಮನೆಯಲ್ಲೇ ಇದ್ದರೆ ಸ್ವಇಚ್ಛೆಯಿಂದ ಹೊರಟರು ಎಂಬ ಕಥೆ ಅವುಗಳಿಗೆಲ್ಲ ಉತ್ತರ ಹೇಳಬೇಕು. ಹೇಳಲಾರದಿದ್ದರೆ ಅದನ್ನು ಸಾಲಿನ ಕೊನೆಗೆ ತಳ್ಳಿ.

ಇನ್ನೊಂದು ಮಗ್ಗುಲೂ ಇದೆ. ವಯಸ್ಕರು ತಮ್ಮಿಷ್ಟದಿಂದ ಹೋಗಿದ್ದರೆ ಅದು ಅವರ ಹಕ್ಕು. ಪತ್ತೆಯಾದವರು ವಿಳಾಸ ಹೇಳಬೇಡಿ ಎಂದರೆ ‘ಕ್ಷೇಮವಾಗಿದ್ದಾರೆ’ ಎಂಬಷ್ಟೇ ಮಾತು ಮನೆಗೆ ತಲುಪಬೇಕು. ಅಕ್ರಮ ಬಂಧನದ ಶಂಕೆಯಿದ್ದರೆ ಹೇಬಿಯಸ್ ಕಾರ್ಪಸ್ ಅರ್ಜಿಗೆ ಹೈಕೋರ್ಟಿನ ಧಾರವಾಡ ಪೀಠವಿದೆ; ನಮ್ಮ ಜಿಲ್ಲೆ ಅದರ ವ್ಯಾಪ್ತಿಗೆ ಸೇರಿದೆ.

ಮೊಬೈಲ್ ಟವರ್ ಲೊಕೇಶನ್ ಇರುವಾಗ ಇಷ್ಟೆಲ್ಲ ಏಕೆ?

ಟವರ್ ಲೊಕೇಶನ್ ಹೇಳುವುದು ಟವರಿನ ಜಾಗವನ್ನು. ಫೋನು ಅದರ ಸುತ್ತ ಎಲ್ಲೋ ಇತ್ತು ಎಂದಷ್ಟೇ ತಿಳಿಯುತ್ತದೆ, ಹಳ್ಳಿಗಾಡಿನಲ್ಲಿ ಆ ‘ಎಲ್ಲೋ’ ಕೆಲವು ಕಿಲೋಮೀಟರ್ ಅಗಲ. ಗುಡ್ಡದ ನೆತ್ತಿಯಲ್ಲಿ ನಿಂತವರ ಫೋನು ಹತ್ತಿರದ ಟವರನ್ನು ಬಿಟ್ಟು ದೂರದ್ದನ್ನು ಹಿಡಿಯಬಹುದು. ಫೋನು ಇದ್ದಲ್ಲಿ ಅದರ ಒಡೆಯರು ಇದ್ದರು ಎಂಬುದೂ ‘ಸಾಮಾನ್ಯವಾಗಿ’ ಎಂಬ ಪಟ್ಟಿಗೆ ಸೇರಿದ ನಿಯಮ. ಸ್ವಿಚ್ ಆಫ್ ಎಂದರೆ ಬ್ಯಾಟರಿ ಮುಗಿದಿರಬಹುದು, ನೀರಿಗೆ ಬಿದ್ದಿರಬಹುದು, ಯಾರೋ ಆರಿಸಿರಬಹುದು ಅಥವಾ ಅಲ್ಲಿ ಸಿಗ್ನಲ್ಲೇ ಇಲ್ಲದಿರಬಹುದು. ಜೋಯಿಡಾ ಕಡೆ ಸಿಗ್ನಲ್‌ಗಾಗಿ ಗುಡ್ಡ ಹತ್ತುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕರೆಗಳ ದಾಖಲೆ ತರಿಸುವುದು ಪೊಲೀಸರ ಕೆಲಸ. ಪರಿಚಯದವರ ಮೂಲಕ ತೆಗೆಸಲು ಹೋಗಬೇಡಿ, ಅದು ಅಪರಾಧ.

ಚಹರೆ ಹೋಲಿಸುವುದರಲ್ಲಿ ತರ್ಕಕ್ಕೇನು ಕೆಲಸ?

ಬಹಳ. ‘ಕೋಲು ಮುಖ, ಗೋಧಿ ಮೈಬಣ್ಣ, ಸಾಧಾರಣ ಮೈಕಟ್ಟು’ ಎಂಬ ಪ್ರಕಟಣೆ ಜಿಲ್ಲೆಯ ಅರ್ಧ ಜನರಿಗೆ ಒಪ್ಪುತ್ತದೆ. ಹೋಲಿಕೆ ಎಷ್ಟಿದ್ದರೂ ಗುರುತು ಖಚಿತವಾಗದು. ಬದಲಾಗದ ಲಕ್ಷಣದಲ್ಲಿ ಒಂದು ಭೇದ ಕಂಡರೆ ಸಾಕು, ಅವರಲ್ಲ ಎಂದು ಖಚಿತವಾಗುತ್ತದೆ. ಆದ್ದರಿಂದ ಲಕ್ಷಣಗಳನ್ನು ಎರಡಾಗಿ ವಿಂಗಡಿಸಿ: ಬದಲಾಗುವವು (ಅಂಗಿ, ಗಡ್ಡ, ತೂಕ), ಬದಲಾಗದವು (ಹಳೆಯ ಮೂಳೆ ಮುರಿತ, ಶಸ್ತ್ರಚಿಕಿತ್ಸೆಯ ಕಲೆ, ಹಚ್ಚೆ). ನೀಲಿ ಅಂಗಿ ತೊಟ್ಟು ಹೋದವರು ಅಂತ ಬಿಳಿ ಅಂಗಿಯವರನ್ನು ತಳ್ಳಿಹಾಕಬೇಡಿ.

ಹೆಸರಿನ ಪಾಡು ಬೇರೆ. ನಮ್ಮಲ್ಲಿ ನಾಯ್ಕ, ನಾಯಕ ಬೇರೆ ಬೇರೆ ಮನೆತನಗಳು. ಇಂಗ್ಲಿಷ್ ಅಕ್ಷರದಲ್ಲಿ ಬರೆದಾಗ ಎರಡೂ ಕಲಸಿಹೋಗುತ್ತವೆ, ಗೋವಾದ ದಾಖಲೆಯಲ್ಲಿ ಮೂರನೆಯ ರೂಪ ಬರುತ್ತದೆ. ಹೆಸರು ಒಂದಾದರೆ ಆಳು ಒಂದು ಎಂಬ ನಿಯಮವನ್ನೂ, ಹೆಸರು ಬೇರೆಯಾದರೆ ಆಳು ಬೇರೆ ಎಂಬ ನಿಯಮವನ್ನೂ ಮಾದರಿಯಿಂದ ತೆಗೆದುಹಾಕಿ.

ಸಂಭವನೀಯತೆಯ ಲೆಕ್ಕ ಇದಕ್ಕಿಂತ ಒಳ್ಳೆಯದಲ್ಲವೇ?

ಸಮುದ್ರದಲ್ಲಿ ಹೌದು. ಹೈದರಾಬಾದಿನ ಇಂಕಾಯಿಸ್ ಎಂಬ ಸಾಗರ ಮಾಹಿತಿ ಸಂಸ್ಥೆಯ ‘ಸರತ್’ ಎಂಬ ವ್ಯವಸ್ಥೆ ಗಾಳಿ ಮತ್ತು ಪ್ರವಾಹದ ಲೆಕ್ಕದಿಂದ, ಕಾಣೆಯಾದ ದೋಣಿ ಅಥವಾ ವ್ಯಕ್ತಿ ಎತ್ತ ತೇಲಿರಬಹುದು ಎಂದು ಹುಡುಕಾಟದವರಿಗೆ ತೋರಿಸುತ್ತದೆ. ಮುಂಗಾರಿನಲ್ಲಿ ನಮ್ಮ ಕರಾವಳಿಯ ಪ್ರವಾಹ ದಕ್ಷಿಣಕ್ಕೆ, ಚಳಿಗಾಲದಲ್ಲಿ ಉತ್ತರಕ್ಕೆ. ದಡದ ಸಮೀಪ ಮತ್ತು ಅಳಿವೆಗಳಲ್ಲಿ ಉಬ್ಬರವಿಳಿತ ಹಾಗೂ ಅಲೆಗಳ ಆಟವೇ ಬೇರೆ. ಅದನ್ನು ತದಡಿಯ ಮೀನುಗಾರರಿಂದ ಕೇಳಿಕೊಳ್ಳುವುದು ಲೇಸು.

ಆದರೆ ಸಂಭವನೀಯತೆಯ ಲೆಕ್ಕಕ್ಕೂ ಊಹೆಗಳೇ ಬುನಾದಿ. 2009ರ ಜೂನ್ 1ರಂದು ಅಟ್ಲಾಂಟಿಕ್‌ನಲ್ಲಿ ಬಿದ್ದ ಏರ್ ಫ್ರಾನ್ಸ್ 447 ವಿಮಾನದ ಕಪ್ಪುಪೆಟ್ಟಿಗೆಗಳ ಸದ್ದು ಕೇಳಿಸಲಿಲ್ಲ ಎಂದು ಕೊನೆಯ ಸ್ಥಾನದ ಸುತ್ತಲಿನ ಜಾಗಕ್ಕೆ ಮೊದಲು ಮಹತ್ವ ಕಡಿಮೆಯಾಗಿತ್ತು. ಸದ್ದು ಮಾಡುವ ಸಾಧನಗಳೇ ಕೆಟ್ಟಿದ್ದರೆ ಎಂದು ಕೇಳಿ ಹೊಸದಾಗಿ ಲೆಕ್ಕ ಹಾಕಿದಾಗ ಅದೇ ಜಾಗ ಮೇಲೆದ್ದಿತು. 2011ರ ಏಪ್ರಿಲ್‌ನಲ್ಲಿ, ಹುಡುಕಾಟ ಮತ್ತೆ ಶುರುವಾದ ಒಂದು ವಾರದೊಳಗೆ, ಅವಶೇಷ ಸಿಕ್ಕಿತು. ಅಂಕಿಗಳ ಹಿಂದೆ ಯಾವ ‘ಕೇಳಿಸಲಿಲ್ಲ’ ಅಡಗಿದೆ ಎಂದು ಕೇಳುವುದು ತರ್ಕದ ಪಾಲು.

ಯಾವ ಸಾಫ್ಟ್‌ವೇರ್ ಬೇಕು? ಎಐ ಚಾಟ್‌ಬಾಟ್ ಸಾಲದೇ?

ಇನ್ನೂರು ಪುಟದ ನೋಟ್‌ಬುಕ್ ಸಾಕು. ಹೇಳಿಕೆಗಳು ನೂರು ದಾಟಿದರೆ ಸ್ಪ್ರೆಡ್‌ಶೀಟ್. ವಿದ್ಯಾರ್ಥಿಗಳಿಗೆ ಹುಮ್ಮಸ್ಸಿದ್ದರೆ ಪ್ರೊಲಾಗ್ ಅಥವಾ ಕ್ಲಿಂಗೊ ಎಂಬ ತರ್ಕದ ಪ್ರೋಗ್ರಾಮಿಂಗ್ ಸಾಧನ ಕಲಿಯಬಹುದು. ಎರಡೂ ಉಚಿತವಾಗಿ ಸಿಗುತ್ತವೆ. ಕ್ಲಿಂಗೊಗೆ ಹೇಳಿಕೆ, ನಿಯಮಗಳನ್ನು ಕೊಟ್ಟರೆ ಅವುಗಳಿಗೆ ವಿರೋಧವಿಲ್ಲದ ಕಥೆಗಳನ್ನೆಲ್ಲ ಒಂದೂ ಬಿಡದೆ ಮುಂದಿಡಬಲ್ಲದು, ಮನುಷ್ಯರು ಒಂದು ಕಥೆಗೆ ಅಂಟಿಕೊಂಡಾಗ ಇದರ ಬೆಲೆ ತಿಳಿಯುತ್ತದೆ. ಯುರೋಪಿನಲ್ಲಿ ಡಿಗ್‌ಫಾರ್‌ಎಎಸ್‌ಪಿ ಎಂಬ ಸಂಶೋಧಕರ ಜಾಲ ಡಿಜಿಟಲ್ ಸಾಕ್ಷ್ಯಗಳನ್ನು ವಿಶ್ಲೇಷಿಸಲು ಇದೇ ಬಗೆಯ ತರ್ಕವನ್ನು ಬಳಸುವ ದಾರಿಗಳನ್ನು ಅಭ್ಯಸಿಸಿದೆ. ಚಾಟ್‌ಬಾಟ್ ನಂಬುವಂಥ ಒಂದು ಕಥೆ ಹೇಳುತ್ತದೆ. ನಮಗೆ ಕಥೆಗಳ ಕೊರತೆಯಿಲ್ಲ. ಕಟ್ಟೆಯ ಮೇಲೆ ಕುಳಿತವರ ಬಳಿ ಬೇಕಾದಷ್ಟಿವೆ. ಸಾಕ್ಷಿಗಳ ಹೆಸರು, ನಂಬರುಗಳನ್ನು ಅದಕ್ಕೆ ಉಣಿಸುವುದಂತೂ ಸಲ್ಲದು.

ನ್ಯಾಯಾಲಯದಲ್ಲಿ ಈ ಮಾದರಿ ಸಾಕ್ಷ್ಯವಾಗುತ್ತದೆಯೇ?

ಇಲ್ಲ. ಸಾಕ್ಷ್ಯ ಸಾಕ್ಷಿಯದ್ದು, ದಾಖಲೆಯದ್ದು. ಇದು ಮುಂದೆ ಯಾರನ್ನು ಕೇಳಬೇಕು, ಎಲ್ಲಿಗೆ ಹೋಗಬೇಕು ಎಂದು ತಿಳಿಯಲು ಮಾತ್ರ.

ಮನೆಯವರು ಇಂದು ರಾತ್ರಿಯೇ ಏನನ್ನು ಬರೆದಿಡಬೇಕು?

ಪ್ರತಿ ಸುದ್ದಿಗೂ ಒಂದು ಸಾಲು: ಯಾರು ಹೇಳಿದರು, ಸ್ವತಃ ಕಂಡರೋ ಕೇಳಿದ್ದೋ, ಹೊತ್ತು ಹೇಗೆ ಗೊತ್ತು, ನಮಗೆ ಯಾವಾಗ ತಿಳಿಯಿತು. ‘ಸ್ವತಃ ಕಂಡರೋ ಕೇಳಿದ್ದೋ’ ಎಂಬುದನ್ನು ಬಿಡಬೇಡಿ. ನಾಲ್ಕು ಜನ ನೋಡಿದರು ಎಂಬ ಸುದ್ದಿಯ ಬೇರು ಹಿಡಿದು ಹೋದರೆ ಒಬ್ಬರೇ ನೋಡಿದ್ದು, ಉಳಿದ ಮೂವರು ಅವರಿಂದ ಕೇಳಿದ್ದು ಎಂದಾಗುವುದುಂಟು. ಯಾವುದನ್ನೂ ಅಳಿಸಬೇಡಿ, ಸುಳ್ಳೆಂದು ತಿಳಿದರೆ ಒಂದು ಗೀಟು ಎಳೆದು ದಿನಾಂಕ, ಕಾರಣ ಬರೆಯಿರಿ. ಕಾಣೆಯಾದವರ ಸಾಲ, ಜಗಳ, ಕಾಯಿಲೆಗಳನ್ನು ಮರೆಮಾಚಿದರೆ ಹುಡುಕುವವರು ತಪ್ಪು ದಿಕ್ಕಿಗೆ ಹೋಗುತ್ತಾರೆ. ಅದನ್ನು ಊರಿಗೆಲ್ಲ ಹೇಳಬೇಕಾಗಿಲ್ಲ. ತನಿಖೆಯ ಅಧಿಕಾರಿಗೆ ಹೇಳಿ. ಪುಸ್ತಕದ ಒಂದು ಪ್ರತಿ ಅವರಿಗೆ ಕೊಡಿ.

ಅವರು ಸಿಕ್ಕ ಮೇಲೆ ಈ ದಾಖಲೆಗಳನ್ನು ಏನು ಮಾಡುವುದು?

ಮೊದಲು ಠಾಣೆಗೆ ತಿಳಿಸಿ ಪ್ರಕರಣ ಮುಕ್ತಾಯ ಮಾಡಿಸಿ. ಮಗುವಾಗಿದ್ದರೆ ಸರ್ಕಾರಿ ಪೋರ್ಟಲ್‌ನಲ್ಲಿರುವ ನಮೂದನ್ನೂ ಮುಗಿಸಬೇಕು. ಬಸ್ ನಿಲ್ದಾಣಗಳಲ್ಲಿ ಅಂಟಿಸಿದ ಚೀಟಿಗಳನ್ನು ಕೀಳಿಸಿ, ವಾಟ್ಸ್‌ಆ್ಯಪ್ ಗುಂಪುಗಳಿಗೆ ‘ಸಿಕ್ಕಿದ್ದಾರೆ’ ಎಂಬ ಸಂದೇಶವನ್ನು ದಿನಾಂಕದ ಸಮೇತ ಕಳಿಸಿ. ಇಲ್ಲದಿದ್ದರೆ ಆ ಫೋಟೋ ಮುಂದಿನ ವರ್ಷವೂ ಯಾವುದೋ ಗುಂಪಿನಲ್ಲಿ ತಿರುಗುತ್ತಿರುತ್ತದೆ. ಸ್ವಯಂಸೇವಕರ ಬಳಿಯಿರುವ ಪ್ರತಿಗಳನ್ನು ವಾಪಸು ಪಡೆದು ಮನೆಯವರ ಕೈಗೆ ಒಪ್ಪಿಸಿ, ಮೊಬೈಲಿನಲ್ಲಿರುವುದನ್ನು ಅಳಿಸಿ. ಹೆಸರು, ಊರು ತೆಗೆದು ಮುಂದಿನ ಹುಡುಕಾಟಕ್ಕೆ ಪಾಠವಾಗಿ ಉಳಿಸಿಕೊಳ್ಳಬೇಕೆಂದಿದ್ದರೆ ಸಿಕ್ಕವರನ್ನೇ ಕೇಳಿ. ಅವರು ಬೇಡ ಎಂದರೆ ಬೇಡ.